ಕಾಜಾ ಅಕ್ಕ ಉಳಿಸಿದ ಇಲಿ

ಬೀದಿಯವರೆಲ್ಲ ಅವಳನ್ನು ಕಾಜಾ ಅಕ್ಕ ಎಂದೇ ಕರೆಯುತ್ತಿದ್ದರು. ಟೈಲರ್ ಅಂಗಡಿಗಳಿಂದ ಬರುವ ಅಂಗಿಗಳಿಗೆ ಗುಂಡಿ ತೂರಿಸುವ ಕಾಜಾ ಹೊಲಿದು, ಗುಂಡಿ ಹಚ್ಚಿ ಕೊಡುವುದು ಅವಳ ಕೆಲಸ. ಒಂದು ಕಾಜಾ ಕೊಂಚ ವಾರೆಯಾದರೂ ಬಿಚ್ಚಿ ಮತ್ತೆ ಹೊಲಿಯುವ ಹೆಂಗಸು. ಅವಸರ ಎಂಬುದು ಅವಳ ರಕ್ತದಲ್ಲೇ ಇರಲಿಲ್ಲ. ಅಮ್ಮ ತೀರಿಕೊಂಡಾಗ ತಮ್ಮನಿಗಿನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಅಂದಿನಿಂದ ಅವನಿಗೆ ಅಕ್ಕನೂ ಅವಳೇ, ಅಮ್ಮನೂ ಅವಳೇ. ಮದುವೆಯ ಮಾತೆತ್ತಿದವರಿಗೆಲ್ಲ "ಇವನೊಂದು ದಡ ಸೇರ್ಲಿ" ಎನ್ನುತ್ತಿದ್ದಳು. ಅವನು ದಡ ಸೇರುವ ಹೊತ್ತಿಗೆ ಮಾತೆತ್ತುವವರೇ ಉಳಿದಿರಲಿಲ್ಲ.

ತಮ್ಮ ಸೇರಿದ್ದು ಕಾಸು ಹಾಕಿ ಆಡುವ ವಿಡಿಯೋ ಗೇಮ್ ಮೆಷಿನ್‌ಗಳ ಕಾರ್ಖಾನೆ. ಕೆಲವು ವರ್ಷ ಬೇರೆಯವರ ಆಟಗಳಿಗೆ ದುಡಿದ ಮೇಲೆ ಸ್ವಂತದ್ದೊಂದು ಆಟ ಮಾಡುವ ಅವಕಾಶ ಅವನಿಗೂ ಸಿಕ್ಕಿತು. ಆಟವೇನೋ ಸರಳ. ಪರದೆಯ ಮೇಲೆ ಕಾಳಿನ ಮೂಟೆಗಳ ಉಗ್ರಾಣ, ನಡುವೆ ಕೋಲು ಹಿಡಿದ ಕಾವಲುಗಾರ, ನಾಲ್ಕೂ ಕಡೆಯಿಂದ ನುಗ್ಗುವ ಇಲಿಗಳು. ಒಂದು ಹಿಂಡನ್ನು ಮುಗಿಸಿದರೆ ಅದಕ್ಕಿಂತ ಚುರುಕಾದ ಇನ್ನೊಂದು ಹಿಂಡು. ಮೂಟೆಗಳೆಲ್ಲ ಖಾಲಿಯಾದರೆ ಆಟ ಮುಗಿಯಿತು, ಮತ್ತೆ ಕಾಸು ಹಾಕಬೇಕು.

ಮಾಡಿದ್ದ ಒಂದೇ ಒಂದು ಮೆಷಿನ್ನನ್ನು ಬಸ್ ನಿಲ್ದಾಣದ ಎದುರಿನ ಗೇಮ್ ಅಂಗಡಿಯಲ್ಲಿ ಒಂದು ದಿನ ಇಟ್ಟು ನೋಡುವುದೆಂದಾಯಿತು. ಸಂಜೆ ಮ್ಯಾನೇಜರ್ ಬಂದು ಕಾಸಿನ ಡಬ್ಬಿ ತೆಗೆಯುತ್ತಾರೆ. ಡಬ್ಬಿ ತುಂಬಿದ್ದರೆ ಆಟ ಉಳಿಯಿತು, ಇಲ್ಲದಿದ್ದರೆ ಇಲ್ಲ. ಬೆಳಗಿನಿಂದ ಒಂದು ನರಪಿಳ್ಳೆಯೂ ಅದರ ಹತ್ತಿರ ಸುಳಿಯಲಿಲ್ಲ. ತಮ್ಮ ಮನೆಗೆ ಓಡಿ ಬಂದ.

"ಅಕ್ಕಾ, ಬಂದು ಒಂದಾಟ ಆಡು. ಯಾರಾದ್ರೂ ಆಡ್ತಿದ್ರೆ ತಾನೇ ಜನ ಬರೋದು?"

"ನಂಗೆಲ್ಲಿ ಬರುತ್ತೋ ಅದೆಲ್ಲ!"

"ದಿನವೆಲ್ಲ ಗುಂಡಿ ಹಚ್ತೀಯ, ಒಂದಿನ ಗುಂಡಿ ಒತ್ತೋಕಾಗಲ್ವಾ?"

ಅವಳನ್ನು ಮೆಷಿನ್ನಿನ ಮುಂದೆ ನಿಲ್ಲಿಸಿ, ಮ್ಯಾನೇಜರನ್ನು ಕರೆತರಲು ಅವನು ಕಾರ್ಖಾನೆಗೆ ಹೋದ.

ಕಾಜಾ ಅಕ್ಕ ಕಾಸು ಹಾಕಿದಳು. ಮೊದಲ ಹಿಂಡನ್ನು ಹೇಗೋ ನಿಭಾಯಿಸಿದಳು. ಕೊನೆಗೆ ಒಂದೇ ಒಂದು ಇಲಿ ಉಳಿಯಿತು, ಮೂಲೆಯಲ್ಲಿ ಬಾಲ ಅಲ್ಲಾಡಿಸುತ್ತ. ಬೇರೆ ಯಾರೇ ಆಗಿದ್ದರೂ ಅದನ್ನೂ ಬಡಿದು ಹಾಕುತ್ತಿದ್ದರು. ಅವಳಿಗೆ ಮನಸ್ಸು ಬರಲಿಲ್ಲ. "ಹೋಗ್ಲಿ ಪಾಪ, ಒಂದು ತಾನೇ" ಎಂದುಕೊಂಡು, ಅದು ಮೂಟೆಯ ಹತ್ತಿರ ಬಂದಾಗಲೆಲ್ಲ ಅಡ್ಡ ನಿಂತು ಓಡಿಸತೊಡಗಿದಳು. ಒಂದು ಇಲಿ ಬದುಕಿರುವವರೆಗೂ ಹೊಸ ಹಿಂಡು ಬರುವುದಿಲ್ಲ ಎಂಬುದು ಆಟ ಮಾಡಿದವನಿಗೇ ಹೊಳೆದಿರಲಿಲ್ಲ! ಇಲಿ ಬಂತು, ಓಡಿಸಿದಳು. ಮತ್ತೆ ಬಂತು, ಮತ್ತೆ ಓಡಿಸಿದಳು. "ಏಯ್, ಆಗ್ಲೇ ತಿಂದ್ಯಲ್ಲ, ಸಾಲ್ದಾ?" ಎಂದು ಅವಳು ಇಲಿಯನ್ನು ಬೈಯುವುದನ್ನು ಕೇಳಲೆಂದೇ ಜನ ಮುತ್ತಿಕೊಂಡರು. ಬಸ್ಸು ತಪ್ಪಿಸಿಕೊಂಡು ನಿಂತವರೂ ಇದ್ದರು.

ಸಂಜೆ ಜನರ ನಡುವೆ ದಾರಿ ಮಾಡಿಕೊಂಡು ಬಂದ ಮ್ಯಾನೇಜರ್ ಡಬ್ಬಿ ತೆಗೆದರು. ಒಳಗಿದ್ದದ್ದು ಅವಳು ಹಾಕಿದ ಒಂದೇ ಒಂದು ಕಾಸು.

"ಒಂದು ಕಾಸಿಗೆ ದಿನವಿಡೀ ಆಡೋ ಆಟ ಯಾರಿಗ್ರೀ ಬೇಕು?" ಎಂದು ನಕ್ಕರು. ಮೆಷಿನ್ ಗೋಡೌನ್ ಸೇರಿತು.

ಶಾಭಾಸ್ ಎನ್ನುತ್ತಾನೆಂದು ಅಕ್ಕ ದಾರಿಯುದ್ದಕ್ಕೂ ಕಾದಳು. ತಮ್ಮ ತುಟಿ ಬಿಚ್ಚಿದ್ದು ಹೊಸ್ತಿಲಲ್ಲಿ.

"ಸೋಲೋಕೆ ಏನಾಗಿತ್ತಕ್ಕಾ ನಿಂಗೆ?"

ಆ ವಾರವೇ ಕಾರ್ಖಾನೆಯ ಹತ್ತಿರ ರೂಮು ಮಾಡಿಕೊಂಡು ಹೋದ.

ಅವನ ಮುಂದಿನ ಆಟ ಮನೆಮಾತಾಯಿತು. ಅದೇ ಉಗ್ರಾಣ, ಅವೇ ಇಲಿಗಳು. ಕೊನೆಯ ಇಲಿಯನ್ನು ಹೊಡೆಯದೆ ತಡಮಾಡಿದರೆ ಮಾತ್ರ ಸೂರಿನಿಂದ ಗೂಬೆಯೊಂದು ಎರಗಿ ಕಾವಲುಗಾರನ ಕತೆ ಮುಗಿಸುತ್ತಿತ್ತು. ಆ ಗೂಬೆಗೆ ಊರೂರೇ ಮರುಳಾಯಿತು. ಕಾಜಾ ಅಕ್ಕನೂ ಒಮ್ಮೆ ಹೋಗಿ ಸಾಲಿನ ಹಿಂದೆ ನಿಂತು ನೋಡಿದಳು. ಅದು ಯಾರಿಗಾಗಿ ಹುಟ್ಟಿದ ಗೂಬೆಯೆಂದು ಅವಳಿಗೆ ಕೂಡಲೇ ತಿಳಿಯಿತು. ತಲೆಯ ಮೇಲೆ ಗೂಬೆ ಕೂರಿಸುವುದನ್ನು ಕೇಳಿದ್ದಳು, ಪರದೆಯ ಮೇಲೂ ಕೂರಿಸಬಹುದೆಂದು ಅಂದು ಕಂಡಳು.

"ನಿಮ್ಮ ತಮ್ಮ ದೊಡ್ಡ ಮನುಷ್ಯ ಆಗ್ಬಿಟ್ಟ ಬಿಡಿ" ಎಂದು ಅಂಗಿ ತಂದವರು ಹೇಳಿದರೆ "ಹೂಂ" ಎನ್ನುತ್ತಿದ್ದಳು. ಒಳಗೊಳಗೇ ಸಿಟ್ಟೂ ಬರುತ್ತಿತ್ತು. ಎತ್ತಿ ಆಡಿಸಿದವಳನ್ನು ಒಂದು ಆಟಕ್ಕಾಗಿ ಬಿಟ್ಟುಹೋಗುತ್ತಾರೆಯೇ? ಸಿಟ್ಟು ಇಳಿದಾಗ ಸಂಕಟವಾಗುತ್ತಿತ್ತು. ಅವನು ತನ್ನನ್ನು ಕ್ಷಮಿಸಿಲ್ಲ, ಇನ್ನು ಬರುವುದೂ ಇಲ್ಲ ಎಂದೇ ತಿಳಿದಿದ್ದಳು.

ಒಂದು ಭಾನುವಾರ ಮನೆಯ ಮುಂದೆ ಸಾಮಾನಿನ ಗಾಡಿ ನಿಂತಿತು. ತಮ್ಮನೂ ಡ್ರೈವರೂ ಸೇರಿ ಹಳೆಯ ಮೆಷಿನ್ ಇಳಿಸಿ, ಹೊಲಿಗೆ ಯಂತ್ರದ ಪಕ್ಕಕ್ಕೆ ತಂದಿಟ್ಟರು. ಡ್ರೈವರ್ ಹೋದ ಮೇಲೂ ತಮ್ಮ ಅಕ್ಕನ ಮುಖ ನೋಡಲಿಲ್ಲ.

"ಗೋಡೌನ್ ಖಾಲಿ ಮಾಡ್ತಿದ್ರು. ಒಡೆದು ಹಾಕ್ತಾರಂತೆ. ಕೇಳಿ ತಂದೆ" ಎಂದ. ತಂತಿ ಸಿಕ್ಕಿಸಿ, ಸ್ವಿಚ್ ಒತ್ತಿ, ಒಂದು ಕಾಸು ಹಾಕಿದ. "ಆಡಕ್ಕಾ."

ಅವಳು ಕೈ ಒರೆಸಿಕೊಂಡು ಮೆಷಿನ್ನಿನ ಮುಂದೆ ನಿಂತಳು. ಇಲಿಗಳು ನುಗ್ಗಿದವು. ಅವಳು ಬೆರಳು ಅಲ್ಲಾಡಿಸಲಿಲ್ಲ. ಇಲಿಗಳು ಆರಾಮಾಗಿ ತಿಂದವು, ಮೂಟೆಗಳು ಒಂದೊಂದಾಗಿ ಮಾಯವಾದವು, ಪರದೆ ಕಪ್ಪಾಯಿತು.

ಆಮೇಲೆ ತಮ್ಮನ ಕಡೆ ತಿರುಗಿದಳು.

"ನೋಡು, ಸೋತೆ. ಇನ್ನಾದ್ರೂ ಮನೇಗೆ ಬರ್ತಿರ್ತೀಯಾ?"

ಅಂಗಿಗಳ ರಾಶಿಯ ಪಕ್ಕ ತಮ್ಮ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತ.