ಆಫ್ ಮಾಡಿದ ಸರ್ವರ್‌ನಿಂದ ಬಂದ ಉತ್ತರ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೇ ಮೈ ಉರಿಯುತ್ತದೆ. ಆದರೆ ಇದು ಅಜ್ಜಂಪುರದಲ್ಲಿ ನನ್ನ ಕಣ್ಣೆದುರೇ ನಡೆದದ್ದು. ಸುಳ್ಳು ಹೇಳಿ ನನಗೇನೂ ಆಗಬೇಕಾಗಿಲ್ಲ.

ಕಡೂರು, ತರೀಕೆರೆ, ಅಜ್ಜಂಪುರದ ಸಣ್ಣ ಆಸ್ಪತ್ರೆಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಒಬ್ಬಳೇ ಬಸ್ಸು ಹತ್ತುತ್ತೇನೆ, ಒಬ್ಬಳೇ ಬಾಡಿಗೆ ಕೋಣೆಗೆ ಹಿಂದಿರುಗುತ್ತೇನೆ. ಅಜ್ಜಂಪುರದ ಒಂದು ಹೆರಿಗೆ ಆಸ್ಪತ್ರೆಯಲ್ಲಿ ನನಗಿಂತ ಮೊದಲು ಈ ಕೆಲಸ ಶಿವಲಿಂಗಣ್ಣನವರದಾಗಿತ್ತು. ಹಿಂದೆಮುಂದೆ ಯಾರೂ ಇಲ್ಲದ ಮನುಷ್ಯ. ಸರ್ವರ್ ಕೋಣೆಯ ಬೆಂಚಿನ ಮೇಲೆಯೇ ಮಲಗುತ್ತಿದ್ದರು. ಅಲ್ಲೇ ಒಂದು ರಾತ್ರಿ ತೀರಿಕೊಂಡರು.

ಆಸ್ಪತ್ರೆಯ ತುರ್ತು ಫೋನ್ ಅವರು ಕೂರಿಸಿದ ಸರ್ವರ್ ಮೂಲಕವೇ ಬರುತ್ತಿತ್ತು. ಅದಕ್ಕೆ ವಯಸ್ಸಾಗಿತ್ತು. ಪಕ್ಕದಲ್ಲಿ ಹೊಸದೊಂದನ್ನು ಇಟ್ಟು ಫೇಲೋವರ್ ಸಾಫ್ಟ್‌ವೇರ್ ಹಾಕಲು ನನ್ನನ್ನು ಕರೆದಿದ್ದರು. ಅದರ ಲೆಕ್ಕ ಸುಲಭ. ಹೊಸ ಸರ್ವರ್ ಹಳೆಯದನ್ನು ಗಳಿಗೆಗೊಮ್ಮೆ ‘ಇದ್ದೀಯಾ?’ ಎಂದು ಕೇಳುತ್ತಿರುತ್ತದೆ. ‘ಇದ್ದೀನಿ’ ಎಂದು ಉತ್ತರ ಬರುವವರೆಗೆ ಸುಮ್ಮನಿರುತ್ತದೆ. ಉತ್ತರ ನಿಂತರೆ ತಾನೇ ಕೆಲಸ ವಹಿಸಿಕೊಳ್ಳುತ್ತದೆ.

ಫೋನು ಕಡಿಮೆ ಬರುವ ಹೊತ್ತೆಂದು ರಾತ್ರಿಯೇ ಪರೀಕ್ಷೆಗೆ ಕೂತೆ. ಶಿವನಿ ಕಡೆಗೆ ಹೊರಟ ರೈಲಿನ ಸದ್ದು ಅಡಗಿತು. ಆಮೇಲೆ ಫ್ಯಾನುಗಳ ಗುಂಯ್ ಎನ್ನುವ ಸದ್ದು ಬಿಟ್ಟರೆ ಏನೂ ಇಲ್ಲ... ಹಳೆಯ ಸರ್ವರನ್ನು ಆಫ್ ಮಾಡಿದೆ.

ಹೊಸದು ಮಿಸುಕಲಿಲ್ಲ. ‘ಹಳೆಯ ಸರ್ವರ್ ಉತ್ತರಿಸುತ್ತಿದೆ’ ಎಂದು ತೋರಿಸಿತು.

ನನ್ನ ಹಣೆಬರಹ ಎಂದು ಬೈದುಕೊಂಡು ಹಳೆಯದರ ಕೇಬಲ್ ಕಿತ್ತೆ. ಕರೆಂಟಿನ ಪ್ಲಗ್ಗನ್ನೂ ಕಿತ್ತೆ. ಆದರೂ ಪರದೆಯ ಮೇಲೆ ಅದೇ... ಉತ್ತರಿಸುತ್ತಿದೆ. ಉತ್ತರಿಸುತ್ತಿದೆ. ಹೊಸದಕ್ಕೆ ಬಲವಂತವಾಗಿ ಕೆಲಸ ವಹಿಸಲು ನೋಡಿದೆ, ಒಪ್ಪಲಿಲ್ಲ. ಗಾಬರಿಯಾಗಿ ಎಲ್ಲ ಮತ್ತೆ ಚುಚ್ಚಿ ಹಳೆಯದನ್ನೇ ಆನ್ ಮಾಡಿದೆ. ಅದು ಏಳಲೇ ಇಲ್ಲ.

ಆಗ ಮೂಗಿಗೆ ನಶ್ಯದ ಘಾಟು ಬಡಿಯಿತು...

ರಾತ್ರಿಪಾಳಿಯ ನರ್ಸ್ ಗಿರಿಜಕ್ಕ ಓಡಿ ಬಂದರು. “ಸುಮಾ, ಫೋನ್ ಯಾಕೆ ಸತ್ತೋಗೈತೆ? ಶಿವನಿ ಹುಡುಗಿಗೆ ದಿನ ತುಂಬೈತೆ ಕಣೇ. ಕಷ್ಟದ ಹೆರಿಗೆ, ನೋವು ಬಂದ ತಕ್ಷಣ ಫೋನ್ ಮಾಡಿ, ಆಂಬ್ಯುಲೆನ್ಸ್ ಕಳಿಸ್ತೀವಿ ಅಂತ ಡಾಕ್ಟ್ರು ಹೇಳವ್ರೆ. ತಡ ಆದ್ರೆ ತಾಯಿ ಮಗು ಇಬ್ರೂ ಉಳಿಯಲ್ಲ!”

“ಮೊಬೈಲಿಂದ ನೀವೇ ಅವರ ಮನೆಗೆ ಮಾಡಿ ನೋಡಿ ಅಕ್ಕ.”

“ಮಾಡ್ದೆ. ಬ್ಯುಸಿ ಬತ್ತೈತೆ, ಯಾರ ಜೊತೇಲೋ ಮಾತಾಡ್ತಾವ್ರೆ...” ಮೂಗು ಅರಳಿಸಿ ಬೆಂಚಿನ ಕಡೆ ನೋಡಿದರು. “ಈ ನಶ್ಯ... ಶಿವಲಿಂಗಣ್ಣಂದು ಅಲ್ವೇನೇ?”

ನಾನು ಬೆಂಚಿನಿಂದ ದೂರ ಸರಿದೆ.

“ಹೇಳೇ ಅವ್ರಿಗೆ,” ಗಿರಿಜಕ್ಕ ಪಿಸುಗುಟ್ಟಿದರು. “ತಾವು ಹೋದ್ಮೇಲೆ ನೋಡ್ಕೊಳ್ಳೋರು ಯಾರೂ ಇಲ್ಲ ಅನ್ಕೊಂಡವ್ರೆ. ಬಾಯ್ಬಿಟ್ಟು ಹೇಳಿ ಕಳಿಸ್ಬೇಕು ಕಣೇ.”

ಬೇರೆ ಹೊತ್ತಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಖಾಲಿ ಬೆಂಚಿಗೆ ಕೈಮುಗಿದೆ. “ಶಿವಲಿಂಗಣ್ಣ, ಸಾಕು. ಇನ್ನು ನಾನಿದ್ದೀನಿ. ನೀವು ಹೋಗಿ.”

ಸ್ವಲ್ಪ ಹೊತ್ತು ಏನೂ ಇಲ್ಲ... ಆಮೇಲೆ ಪರದೆಯ ಮೇಲೆ ‘ಉತ್ತರವಿಲ್ಲ’ ಎಂದು ಬಂತು. ಹೊಸ ಸರ್ವರ್‌ನ ದೀಪ ಹಸಿರಾಯಿತು. ಅದೇ ಗಳಿಗೆಗೆ ಹೊರಗೆ ಫೋನ್ ಹೊಡೆದುಕೊಂಡಿತು.

ಶಿವನಿಯ ಹುಡುಗಿಯ ಅತ್ತೆ. ಗಿರಿಜಕ್ಕ ಡ್ರೈವರನ್ನು ಎಬ್ಬಿಸಿ ಕಳಿಸಿದರು. ಬೆಳಕು ಹರಿಯುವ ಮೊದಲೇ ಹೆರಿಗೆಯಾಯಿತು. ತಾಯಿ, ಮಗು ಇಬ್ಬರೂ ಉಳಿದರು. ನನಗೆ ಅಳು ಬಂದುಬಿಟ್ಟಿತು, ನಾಚಿಕೆಯೇನಿಲ್ಲ.

ಬೆಳಿಗ್ಗೆ ಆ ಅತ್ತೆ ವರಾಂಡದಲ್ಲಿ ಸಿಕ್ಕರು. ಫೋನ್ ಸಿಗೋದು ತಡವಾಯಿತಲ್ಲ, ಬೇಜಾರು ಮಾಡ್ಕೋಬೇಡಿ ಎಂದೆ.

“ಅಯ್ಯೋ, ಬಿಡವ್ವ! ನಿಮ್ಮ ಆಸ್ಪತ್ರೆಯೋರು, ವಯಸ್ಸಾದ ಯಜಮಾನ್ರೊಬ್ರು ಲೈನಲ್ಲೇ ಇದ್ರಲ್ಲ. ‘ಫೋನ್ ಇಡ್ಬೇಡ ಕಣವ್ವ, ನಾನಿದ್ದೀನಿ, ಇನ್ನೊಬ್ರು ಬತ್ತಾರೆ’ ಅಂತ ಧೈರ್ಯ ಹೇಳ್ತಾನೇ ಇದ್ರು. ಯಾಕೋ ಮಾತಿನ ಮಧ್ಯೆ ಹೊರಟೋದ್ರು. ಅವ್ರನ್ನ ಒಸಿ ಕರಿಯವ್ವ, ಮಗು ತೋರಿಸ್ತೀನಿ.”

ಸರ್ವರ್ ಕೋಣೆಗೆ ಹೋಗಿ ಆ ಖಾಲಿ ಬೆಂಚಿನ ಮೇಲೆ ಕೂತೆ...

ಈಗಲೂ ಆ ಆಸ್ಪತ್ರೆಗೆ ಹೋಗುತ್ತೇನೆ. ಹೊಸ ಸರ್ವರ್ ಚೆನ್ನಾಗಿ ನಡೆಯುತ್ತಿದೆ. ಆ ಕೋಣೆಯಲ್ಲಿ ಯಾವ ವಾಸನೆಯೂ ಇಲ್ಲ. ಹೋಗಿ ಎಂದವಳು ನಾನೇ... ಆದರೆ ಅವರಿಗೆ ಹೋಗಲು ಬೇರೆ ಜಾಗವೇ ಇರಲಿಲ್ಲ.