ರೂಲ್ಸ್ ಭಾವ ಸೇತುವೆ ದಾಟಿದ್ದು

ರಜೆಯ ಮೇಲಿರುವ ಸೈನಿಕ ಗಡಿ ದಾಟಬಾರದು. ದಾಟಲೇಬೇಕೆಂದರೆ ಮೇಲಧಿಕಾರಿಯ ಒಪ್ಪಿಗೆ ಬೇಕು. ಈ ನಿಯಮದ ಮೊದಲರ್ಧವನ್ನಷ್ಟೇ ಹೆಂಡತಿಯ ಮನೆಯವರಿಗೆ ಹೇಳಿ, ಉಳಿದರ್ಧವನ್ನು ನುಂಗಿಕೊಂಡು ವರ್ಷಗಟ್ಟಲೆ ತಣ್ಣಗಿದ್ದವನು ನಮ್ಮ ಕಥೆಯ ಅಡುಗೆಯವನು. ಸೈನ್ಯದಲ್ಲಿ ಅವನ ಕೈಯಲ್ಲಿದ್ದದ್ದು ಬಂದೂಕಲ್ಲ, ಸೌಟು. ಠೀವಿಗೆ ಮಾತ್ರ ಕಡಿಮೆಯಿರಲಿಲ್ಲ ಮಹಾರಾಯನಿಗೆ. ರಜೆಯಲ್ಲಿ ನೀರು ತನ್ನಿ ಎಂದರೂ 'ರೂಲ್ಸ್ ಇಲ್ಲ', ಅಂಗಡಿಗೆ ಹೋಗಿ ಎಂದರೂ 'ರೂಲ್ಸ್ ಇಲ್ಲ'. ನಾದಿನಿಯರು ಅವನಿಗೆ ರೂಲ್ಸ್ ಭಾವ ಎಂದೇ ಹೆಸರಿಟ್ಟಿದ್ದರು.

ಹೆಂಡತಿಯ ತವರು ಹೊಳೆಯಾಚೆ, ಬೇರೆ ದೇಶ. ಸೇತುವೆಯ ಮೇಲೆ ನಿಂತರೆ ಮನೆಯ ಹೆಂಚು ಕಾಣುತ್ತದೆ. ಅವನು ಅಲ್ಲಿಗೆ ಹೋಗದಿರಲು ಕಾರಣ, ಹೇಳಿದರೆ ನಗು ಬರುತ್ತದೆ, ಉಪ್ಪು. ಮದುವೆಯಾದ ಹೊಸತರಲ್ಲಿ ಮಾವನ ಮನೆಯಲ್ಲಿ ತಾನೇ ಅಡುಗೆ ಮಾಡಿ ಬಡಿಸಿದ್ದ. ಮಾವ ಬಡಗಿ, ಬಾಯಿ ಅವರ ಉಳಿಯಷ್ಟೇ ಹರಿತ. ಒಂದು ತುತ್ತು ನುಂಗಿ, ನೆಂಟರೆಲ್ಲರ ಮುಂದೆ, "ಅಳಿಯಂದ್ರೆ, ಈ ಉಪ್ಪಲ್ಲಿ ಶತ್ರುಗಳಿಗೂ ಒಂದು ಊಟ ಹಾಕಿಬಿಡಿ, ಯುದ್ಧವೇ ಬೇಡ" ಎಂದಿದ್ದರು. ಎಲ್ಲರೂ ನಕ್ಕರು. ಅವನೂ ನಕ್ಕ. ಆದರೆ ಆ ಮಾತು ಹೊಟ್ಟೆಯಲ್ಲಿ ಕೂತುಬಿಟ್ಟಿತು, ಮುಂದಿನ ರಜೆಗೇ ನಿಯಮ ಹೊರಬಿತ್ತು.

ಮಾವ ನಂಬಿದರು. "ಸರ್ಕಾರದ ಅನ್ನ ತಿನ್ನೋರು, ಅವರ ಕಷ್ಟ ಅವರಿಗೆ. ಅವರು ಬರೋಕಾಗದಿದ್ರೆ ನಾನು ಹೋಗ್ತೀನಿ" ಎಂದು ಪ್ರತಿ ರಜೆಗೂ, ತಾವೇ ಕಡೆದ ಒಂದು ಮರದ ಸೌಟು ಹಿಡಿದು, ಮಂಡಿನೋವಿನಲ್ಲಿ ಕಾಲೆಳೆಯುತ್ತ ಸೇತುವೆ ದಾಟಿ ಬರುತ್ತಿದ್ದರು. ಅಡುಗೆಮನೆಯ ಮೊಳೆಗಳಲ್ಲಿ ಸೌಟುಗಳು ಸಾಲುಗಟ್ಟಿದವು.

ಈ ರಜೆಯ ಹೊತ್ತಿಗೆ ಮಾವ ಹಾಸಿಗೆ ಹಿಡಿದಿದ್ದರು.

"ರೀ, ಅಪ್ಪ ಉಳಿಯೋ ಹಾಗೆ ಕಾಣಲ್ಲ. ನಿಮ್ಮನ್ನ ಒಂದ್ಸಲ ನೋಡ್ಬೇಕಂತೆ."

"ನನಗೇನು ಆಸೆ ಇಲ್ವಾ? ರೂಲ್ಸ್ ಇಲ್ಲ ಕಣೆ." ಮಾತು ಎಂದಿನಂತೆ ಬಂತು. ಈಗ ನಿಜ ಹೇಳಿದರೆ ಹಳೆಯದೆಲ್ಲ ಬಯಲಾಗುತ್ತದಲ್ಲ ಎಂಬ ಅಂಜಿಕೆ. ಅವಳ ಚೀಲ ಹೊತ್ತು ಸೇತುವೆಯವರೆಗೆ ಬಿಡಲು ಹೋದ.

ಗೇಟಿನಲ್ಲಿದ್ದ ಕಾವಲಿನವನು ಹಿಂದೆ ಇವನ ಕೈಯಡುಗೆ ಉಂಡವನೇ. "ಅಣ್ಣ, ಅತ್ತಿಗೆ ಜೊತೆ ನೀವು ದಾಟಲ್ವಾ?"

"ಅವರಿಗೆ ರೂಲ್ಸ್ ಇಲ್ವಲ್ಲಪ್ಪ" ಎಂದಳು ಹೆಂಡತಿ.

"ಯಾರು ಹೇಳಿದ್ದು? ಹೆಂಡತಿ ತವರಿಗಾದ್ರೆ ಸಾಹೇಬರಿಗೆ ಒಂದು ಫೋನ್ ಮಾಡಿದ್ರೆ ಆಯ್ತು. ಹೋದ ರಜೇಲಿ ನಾನೇ ಹೋಗಿಬಂದೆ. ಅಣ್ಣಂಗೆ ಗೊತ್ತಿಲ್ವಾ? ಸಾಹೇಬರಿಗೆ ದಿನಾ ಊಟ ಬಡಿಸೋರೇ ಅವರು."

ಅವಳು ತಿರುಗಿ ನೋಡಿದಳು. ನಾಲ್ಕು ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅವಳು ಚೀಲ ಕಸಿದುಕೊಂಡು, "ಫೋನ್ ಮಾಡಿ" ಎಂದಳು, ಅಷ್ಟೇ.

ಮಾಡಿದ. "ಹೋಗಿ ಬಾ, ವಾಪಸ್ಸಾದ ಮೇಲೆ ತಿಳಿಸು" ಎಂದರು ಸಾಹೇಬರು. ಇಷ್ಟು ವರ್ಷ ಕಟ್ಟಿದ್ದ ಗೋಡೆ ಅಷ್ಟಕ್ಕೇ ಬಿತ್ತು. ಹೆಂಡತಿಯ ಹಿಂದೆ ತಲೆತಗ್ಗಿಸಿ ನಡೆದ. ಭೂಮಿ ಬಾಯಿಬಿಟ್ಟರೆ ಇಳಿದುಬಿಡೋಣ ಎನಿಸಿತು, ಕಾಲ ಕೆಳಗೆ ಭೂಮಿ ಎಲ್ಲಿತ್ತು, ಹೊಳೆಯಿತ್ತು.

ಅವನನ್ನು ಕಂಡದ್ದೇ ಮಾವ ಮೊಣಕೈಯೂರಿ ಎದ್ದರು. ಪಕ್ಕದ ಮನೆಯವನನ್ನು ಕರೆಸಿ, "ನೋಡಿದ್ಯಾ? ನನಗೋಸ್ಕರ ಅಳಿಯಂದ್ರು ರೂಲ್ಸನ್ನೇ ಸಡಿಲ ಮಾಡಿಸ್ಕೊಂಡು ಬಂದಿದಾರೆ" ಎಂದರು. ಅಳಿಯ ಹೆಂಡತಿಯ ಕಡೆ ನೋಡಿದ. ಅವಳು ಒಂದು ಮಾತು ಆಡಿದ್ದರೆ ಸಾಕಿತ್ತು. ಅಪ್ಪನ ಹೊದಿಕೆ ಸರಿಮಾಡಿದಳು. ಅದಕ್ಕಿಂತ ಕಪಾಳಮೋಕ್ಷವೇ ಮೇಲಿತ್ತು.

ಅಲ್ಲಿ ನಿಲ್ಲಲಾರದೆ ಅಡುಗೆಮನೆಗೆ ನುಸುಳಿ ಗಂಜಿ ಕಾಯಿಸಿ ತಂದ. ತಾನೇ ಕುಡಿಸಿದ.

"ಉಪ್ಪು ಹದವಾಗಿದೆ ಅಳಿಯಂದ್ರೆ. ಆವತ್ತು ಏನೋ ತಮಾಷೆಗೆ ಅಂದ್ಬಿಟ್ಟೆ, ಮನಸಲ್ಲಿ ಇಟ್ಕೋಬೇಡಿ."

ಹೆಂಡತಿ ಪಾತ್ರೆಯ ತಳದ ಗಂಜಿಯನ್ನು ನಾಲಿಗೆಗೆ ಹಚ್ಚಿ ನೋಡಿದಳು. ಉಪ್ಪೇ ಬಿದ್ದಿರಲಿಲ್ಲ. ಉಪ್ಪಿನ ಡಬ್ಬಿ ತಂದು ಗಂಡನ ಪಕ್ಕದಲ್ಲಿಟ್ಟು, "ಇನ್ನು ನಿಜ ನೀವೇ ಹೇಳಿ ಅಪ್ಪಂಗೆ" ಎಂದು ಮೆಲ್ಲಗೆ ಹೇಳಿ ಹೊರಹೋದಳು.

ಅವನು ತಲೆಯೆತ್ತಿದ. ಮಾವ ಮುಂದಿನ ಗುಟುಕಿಗೆ ಬಾಯಿ ತೆರೆದು ಕಾದಿದ್ದರು.