ಮೇಷ್ಟ್ರ ಕೋಟಿನ ಎಡತೋಳು

ಕಟ್ಟಡದ ಮಾಲೀಕನ ಹೆಸರೆತ್ತಿದರೆ ಟೈಲರಿಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. ಮೆಟ್ಟಿಲ ಕೆಳಗಿನ ಅಂಗಡಿಗೆ ಇದ್ದದ್ದೇ ಒಂದು ಕಿಟಕಿ. ಆ ಪುಣ್ಯಾತ್ಮ ಅದಕ್ಕೇ ಅಡ್ಡವಾಗಿ ನೀರಿನ ತೊಟ್ಟಿ ಕಟ್ಟಿಸಿದ. ಉಳಿದದ್ದು ಒಂದು ಹಳದಿ ಬಲ್ಬು. ಅದರ ಕೆಳಗೆ ಕಪ್ಪು, ಕಡುನೀಲಿ, ಕಂದು ಎಲ್ಲ ಒಂದೇ ತಾಯಿಯ ಮಕ್ಕಳು. ಹಾಗಾಗಿ ಕತ್ತರಿಸಿದ ತುಂಡುಗಳನ್ನು ಬಾಗಿಲಾಚೆ ಬಿಸಿಲಿಗೆ ಹಿಡಿದು ನೋಡಿಯೇ ಅವನು ಮಿಷನ್ನಿಗೆ ಕೂರುತ್ತಿದ್ದ.

ನಾಲ್ಕನೇ ಕ್ಲಾಸಿನವರೆಗೆ ಅವನಿಗೆ ಪಾಠ ಹೇಳಿದ್ದ ಮೇಷ್ಟ್ರು, ನಿವೃತ್ತಿಯ ದಿನದ ಫೋಟೋಗೆಂದು ಕಪ್ಪು ಕೋಟು ಹೊಲಿಯಲು ಕೊಟ್ಟರು. ಅವರ ಜನ್ಮದಲ್ಲೇ ಮೊದಲ ಕೋಟು. ಗುರುಗಳ ಮುಂದೆ ತಾನೂ ಒಂದು ಕೆಲಸ ಕಲಿತಿದ್ದೇನೆಂದು ತೋರಿಸಬೇಕು, ಟೈಲರಿಗೆ ಅದೊಂದೇ ಧ್ಯಾನ. ಆ ಬಟ್ಟೆ ಕತ್ತರಿಸಿದ ದಿನವೇ ಇನ್ನೊಬ್ಬ ಗಿರಾಕಿಯ ಕಡುನೀಲಿ ಕೋಟಿನ ಬಟ್ಟೆಯನ್ನೂ ಕತ್ತರಿಸಿದ್ದ. ಆದರೆ ಬಾಗಿಲಾಚೆ ಮಾಲೀಕ ಕುರ್ಚಿ ಹಾಕಿಕೊಂಡು ಕೂತಿದ್ದ. ಬೆಳಿಗ್ಗೆಯಷ್ಟೇ ಇಬ್ಬರಿಗೂ ಜಗಳವಾಗಿತ್ತು.

"ಒಂದ್ಸಲ ಹೊರಗೆ ಹಿಡಿದು ನೋಡ್ರೀ," ಎಂದಳು ಗುಂಡಿ ಹಾಕುತ್ತಿದ್ದ ಹೆಂಡತಿ.

"ಅವನ ಮುಖ ನೋಡೋದಕ್ಕಿಂತ ಕಣ್ಣು ಮುಚ್ಕೊಂಡು ಹೊಲೀತೀನಿ!"

"ನಿಮ್ಮ ಸಿಟ್ಟು ಬೆಳಕು ಕೊಡೋ ಹಾಗಿದ್ದಿದ್ರೆ ನಮಗೆ ಬಲ್ಬೇ ಬೇಕಿರ್ಲಿಲ್ಲ."

ಸಂಜೆ ಮೇಷ್ಟ್ರು ಕೋಟನ್ನು ಕಾಗದದಲ್ಲಿ ಸುತ್ತಿಸಿಕೊಂಡು ಹೋದರು. ಮರುದಿನ ಬೆಳಿಗ್ಗೆ ಟೈಲರು ನೀಲಿ ಕೋಟಿನ ತುಂಡುಗಳನ್ನು ಬಿಸಿಲಿಗೆ ಹಿಡಿದ. ಎಡತೋಳು ಕಪ್ಪು! ಮೇಷ್ಟ್ರ ತೋಳು ಇಲ್ಲಿದ್ದರೆ ನೀಲಿಯದು ಎಲ್ಲಿದೆ ಎಂದು ಬೇರೆ ಯಾರೂ ಹೇಳಬೇಕಿರಲಿಲ್ಲ. ಕೊರಳಲ್ಲಿದ್ದ ಟೇಪನ್ನೂ ತೆಗೆಯದೆ ಶಾಲೆಗೆ ಓಡಿದ.

ಮೈದಾನದಲ್ಲಿ ಸುಡುಬಿಸಿಲು. ಫೋಟೋದವನು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ್ದ. ನಡುವೆ ಮೇಷ್ಟ್ರು, ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಓರೆಯಾಗಿ ನಿಂತಿದ್ದರು.

"ಏನ್ ಸಾರ್, ಹಿಂದೆ ಬೆತ್ತ ಬಚ್ಚಿಟ್ಕೊಂಡಿದ್ದೀರಾ?" ಎಂದರು ಪಕ್ಕದಲ್ಲಿದ್ದ ಡ್ರಿಲ್ ಮೇಷ್ಟ್ರು.

"ಮತ್ತೆ? ಕೊನೇ ದಿನ ಅಂತ ಸುಮ್ನೆ ಬಿಡ್ತೀನಾ?" ಎಂದವರು ಟೈಲರನ್ನು ಕಂಡು ದನಿ ಏರಿಸಿದರು. "ನೋಡ್ರಪ್ಪಾ, ಈ ಕೋಟು ಹೊಲಿದೋನು ಇವನೇ. ನನ್ನ ಶಿಷ್ಯ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಟೈಲರು ತಲೆ ಎತ್ತಲಿಲ್ಲ.

"ಕೊಡಿ ಸಾರ್, ಸಂಜೆಯೊಳಗೆ ತೋಳು ಬದಲಾಯಿಸ್ತೀನಿ," ಎಂದ, ಆಮೇಲೆ ಒಬ್ಬರೇ ಸಿಕ್ಕಾಗ.

"ಬೇಡ ಕಣೋ. ನಿನ್ನ ಆ ಗುಹೆಗೆ ಮತ್ತೆ ಕಳಿಸಿದ್ರೆ ಬಲಗೈ ಹಸಿರಾಗಿ ಬಂದೀತು."

ಆಮೇಲೂ ಕಂಡಾಗಲೆಲ್ಲ ಕೇಳಿದ. ಮೇಷ್ಟ್ರು ನಕ್ಕರೇ ಹೊರತು ಕೋಟು ಕೊಡಲಿಲ್ಲ. ಅವರು ತೀರಿಕೊಂಡು ಈಗ ಎರಡು ವರ್ಷ. ಕಪ್ಪು ತೋಳು ಇನ್ನೂ ಅವನ ಮೇಜಿನ ಖಾನೆಯಲ್ಲೇ ಇದೆ.